ಬೆರಳು ತಾಗಿದ ಕಲ್ಲು

ಕಲ್ಲಿದ್ದ ಗಾಜಿನ ಪೆಟ್ಟಿಗೆಯ ಕೆಳಗೆ ಹೊಸ ಫಲಕ ಬಂದಿತ್ತು. ಹಳೆಯದು ರಟ್ಟಿನದು, 'ಕೊಟ್ಟವರು: ಭಾಗ್ಯ, ಚಿಂಚೋಳಿ' ಎಂದು ರತ್ನದೀಪನೇ ಬರೆದಿದ್ದ. ಹೊಸದು ಹಿತ್ತಾಳೆಯದು. ಅದರ ಮೇಲೆ 'ಶೋಧನೆ: ಪ್ರಾಚಾರ್ಯ ಚಂದ್ರಾಮಪ್ಪ' ಎಂದಿತ್ತು. ರತ್ನದೀಪ ಅದನ್ನು ಎರಡು ಸಲ ಓದಿದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೆಂಡತಿ ಭಾಗ್ಯ ತೀರಿಕೊಂಡ ಮೇಲೆ ಅವನಿಗೆ ಹೀಗೇ ಆಗಿತ್ತು. ಚಹಾಕ್ಕೆ ಸಕ್ಕರೆ ಬಿದ್ದಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಕಾಲಿಗೆ ಚಪ್ಪಲಿ ಕಚ್ಚಿದರೆ ಸಂಜೆ ರಕ್ತ ನೋಡಿದಾಗ ತಿಳಿಯುತ್ತಿತ್ತು.

ಸೇಡಂ ಹೊರವಲಯದ ಆ ಸಣ್ಣ ಖಾಸಗಿ ಕಾಲೇಜಿನಲ್ಲಿ ಅವನು ಭೂವಿಜ್ಞಾನದ ಮೇಷ್ಟ್ರು. ಹೋಗಿ ಪ್ರಾಚಾರ್ಯರ ಮುಂದೆ ನಿಂತ.

"ಸರ್, ಭಾಗ್ಯನ ಹೆಸರು ತೆಗದೀರಿ."

"ಅಯ್ಯ, ತೆಗದಿಲ್ರೀ ಮಾರಾಯ್ರ, ಜಾಗಾ ಸಾಲಲಿಲ್ಲ," ಎಂದರು ಚಂದ್ರಾಮಪ್ಪ. "ಹೊಸ ಮ್ಯೂಜಿಯಂ ಉದ್ಘಾಟನಿಗೆ ದೊಡ್ಡ ದೊಡ್ಡ ಮಂದಿ ಬರ್ತಾರ. ಅವರ ಮುಂದ ಕಾಲೇಜಿನ ಹೆಸರು ಕಾಣಬೇಕಲ್ರಿ. ನಾನಂದ್ರ ಕಾಲೇಜೇ ಅಲ್ಲೇನು? ಕುಂದ್ರಿ, ಚಹಾ ತಗೋರಿ."

"ಹಂಗಾದ್ರ ಕಲ್ಲು ವಾಪಸ್ ಕೊಟ್ಟುಬಿಡ್ರಿ."

"ಕೊಟ್ಟ ಹೆಣ್ಣು, ಕೊಟ್ಟ ದಾನ ವಾಪಸ್ ಕೇಳ್ತಾರೇನ್ರಿ ಯಾರರೆ? ಅದು ಈಗ ಕಾಲೇಜಿನ ಆಸ್ತಿ."

ರತ್ನದೀಪ ಚಹಾ ಕುಡಿದ, ಕಪ್ಪು ಕೆಳಗಿಟ್ಟ, ಎದ್ದ. ಎದ್ದು ನಿಲ್ಲುವಷ್ಟರಲ್ಲಿ ಕಲ್ಲನ್ನು ಕದಿಯುವುದೆಂದು ನಿಶ್ಚಯವಾಗಿತ್ತು. ಎದೆಯಲ್ಲಿ ಏನೂ ಅಲುಗಾಡಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ತಿಳಿದ ಹಾಗೆ ಅದೂ ಸುಮ್ಮನೆ ತಿಳಿಯಿತು, ಅಷ್ಟೇ.

ಕಲ್ಲೆಂದರೆ ಎಂಥ ಕಲ್ಲು! ಕರಿಗಲ್ಲಿನ ಒಂದು ಬಟ್ಟಲು, ಒಡೆದ ತೆಂಗಿನ ಹೋಳಿನಷ್ಟು. ಅದರೊಳಗೆ ಬಿಳಿ ಉಂಡೆಗಳ ಒಂದು ಗೊಂಚಲು. ನೋಡಿದವರೆಲ್ಲ ಮೊದಲು ಕೇಳುವುದೇ, ಒಳಗೆ ಹತ್ತಿ ಯಾರು ಇಟ್ಟರು ಎಂದು. ಹತ್ತಿಯಲ್ಲ, ಅದು ಓಕೆನೈಟ್. ಸುಣ್ಣ, ಮರಳು, ನೀರು ಈ ಮೂರರ ಸತ್ವ ಸೇರಿ ಆದ ಸಿಲಿಕೇಟ್. ಈ ಸೀಮೆಯ ಮೇಲೆಲ್ಲ ಬೆಂಕಿಯ ರಾಡಿ ಹರಿದು ಆರಿದ ಕಾಲದಲ್ಲಿ ಅದರೊಳಗೆ ಗಾಳಿಯ ಗುಳ್ಳೆಗಳು ಸಿಕ್ಕಿಕೊಂಡವು. ಆಮೇಲೆ ಲಕ್ಷಾಂತರ ವರ್ಷ ನೀರು ಜಿನುಗಿ ಜಿನುಗಿ ಆ ಗುಳ್ಳೆಗಳ ಕತ್ತಲಲ್ಲಿ ಎಳೆ ಎಳೆಯಾಗಿ ಇದು ಬೆಳೆಯಿತು. ಮುಂಬೈ, ಪುಣೆ ಕಡೆಯ ಕರಿಗಲ್ಲಿನಲ್ಲಿ ಅಪರೂಪಕ್ಕೆ ಸಿಗುತ್ತದೆ. ಚಿಂಚೋಳಿ ಕಡೆ ಸಿಕ್ಕದ್ದು, ರತ್ನದೀಪನಿಗೆ ಗೊತ್ತಿದ್ದಂತೆ, ಇದೊಂದೇ.

ಸಿಕ್ಕದ್ದು ಭಾಗ್ಯನ ಕೈಗೆ. ಅವಳ ತವರಿನಲ್ಲಿ ಬಾವಿ ತೋಡುತ್ತಿದ್ದರು. ಮೇಲೆ ಎತ್ತಿ ಹಾಕಿದ ಕಲ್ಲಿನ ಗುಡ್ಡೆಯಲ್ಲಿ ಒಂದು ಗುಂಡು ಎರಡು ಹೋಳಾಗಿ ಬಿದ್ದಿತ್ತು. ಒಂದು ಹೋಳು ಖಾಲಿ, ಇನ್ನೊಂದರಲ್ಲಿ ಈ ಬಿಳುಪು. "ಮುಟ್ಟಬ್ಯಾಡ!" ಎಂದು ಅವನು ಕೂಗುವುದಕ್ಕೂ ಅವಳು ನಡುವಿನ ಉಂಡೆಗೆ ಬೆರಳು ಊರುವುದಕ್ಕೂ ಸರಿಹೋಯಿತು. ಓಕೆನೈಟಿನ ಗುಣವೇ ಅದು. ಕೂದಲಿಗಿಂತ ತೆಳ್ಳಗಿನ ಎಳೆಗಳು ಒಮ್ಮೆ ಬಾಗಿದರೆ ಮತ್ತೆ ನೆಟ್ಟಗಾಗುವುದಿಲ್ಲ. ಬೆರಳ ತುದಿಯಷ್ಟು ಒಂದು ತಗ್ಗು ಅಲ್ಲಿ ಉಳಿದೇ ಹೋಯಿತು. "ಆಗಲಿ ಬಿಡ್ರಿ, ಒಂದು ಗುರ್ತು ಇರಲಿ," ಎಂದು ಭಾಗ್ಯ ನಕ್ಕಿದ್ದಳು. ವಾಡಿಯ ತಮ್ಮ ಮನೆಯ ತನಕ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗನ್ನು ಚಪ್ಪರದ ಹಾಗೆ ಹಿಡಿದು ಕೂತಿದ್ದಳು. ಆ ವರ್ಷ ದಾಟುವುದರೊಳಗೆ ಅವಳು ಇರಲಿಲ್ಲ. ಮನೆಯಲ್ಲಿ ಅದನ್ನು ನೋಡಲಾಗದೆ ಅವನು ಕಾಲೇಜಿಗೆ ಕೊಟ್ಟ. ಅದರ ಮೇಲೆ ಅವಳ ಹೆಸರಿದೆ, ಅಷ್ಟು ಸಾಕು ಅಂದುಕೊಂಡಿದ್ದ.

ಈಗ ಹೆಸರಿಲ್ಲ. ಬೆರಳಿನ ಗುರುತು ಮಾತ್ರ ಇದೆ. ಅದು ಅವನಿಗೆ ಬೇಕು.

ಯೋಚನೆಗೆ ಅವನು ಅವಸರ ಮಾಡಲಿಲ್ಲ. ಕಲ್ಲು ಮಾಯವಾದರೆ ಹುಡುಕುತ್ತಾರೆ, ಆದ್ದರಿಂದ ಮಾಯವಾಗಬಾರದು. ಅದರ ಜಾಗದಲ್ಲಿ ಇನ್ನೊಂದು ಕೂರಬೇಕು. ನಕಲನ್ನು ಪತ್ತೆ ಮಾಡುವುದು ಹೇಗೆ? ಮುಟ್ಟಿ ನೋಡಬೇಕು. ಆದರೆ ಇದನ್ನು ಮುಟ್ಟುವ ಹಾಗಿಲ್ಲ, ಊದುವ ಹಾಗೂ ಇಲ್ಲ. ಪ್ರತಿ ವರ್ಷ ಹೊಸ ಹುಡುಗರಿಗೆ ಅವನೇ ಗದರಿ ಗದರಿ ಕಲಿಸಿದ ಪಾಠ ಅದು. ಕಾಲೇಜಿನ ಸಿಪಾಯಿಯಿಂದ ಹಿಡಿದು ಚಂದ್ರಾಮಪ್ಪನವರವರೆಗೆ ಎಲ್ಲರೂ ಆ ಪೆಟ್ಟಿಗೆಯ ಹತ್ತಿರ ಬಂದರೆ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಕಲ್ಲಿನ ಗುಣವೇ ಕಳ್ಳತನಕ್ಕೆ ಕಾವಲು ನಿಲ್ಲುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಹೀಗೆ, ಮತ್ತು ಇಲ್ಲಿ ಬೇಲಿಯನ್ನು ಹಾಕಿದವನೂ ಅವನೇ.

ಬಟ್ಟಲಿಗೆ ತೊಂದರೆ ಇರಲಿಲ್ಲ. ಜೋಡಿಯ ಖಾಲಿ ಹೋಳು ಮನೆಯಲ್ಲೇ ಇತ್ತು. ಅಂಚಿನಲ್ಲಿ ಒಂದೆರಡು ಕಡೆ ಉಳಿ ಹಿಡಿದರೆ ಆಯಿತು. ಇನ್ನು ಬಿಳಿ ಉಂಡೆ. ಅಂಗಡಿಯ ಹತ್ತಿ ತಂದು ನೋಡಿದ, ಅದು ಮೋಡದ ಹಾಗೆ ಕಲಸಿಕೊಂಡಿತ್ತು. ಓಕೆನೈಟಿನ ಎಳೆ ನಡುವಿನಿಂದ ಸುತ್ತಲೂ ನೆಟ್ಟಗೆ ಹೊರಡುತ್ತದೆ. ಹಾಗೆ ಹೊರಡುವ ಬಿಳಿ ಎಳೆ ಲೋಕದಲ್ಲಿ ಇನ್ನೊಂದೇ ಇದೆ, ಬೀಜದಿಂದ ಇನ್ನೂ ಬಿಡಿಸದ ಹೊಲದ ಹತ್ತಿ. ಇದು ಹೊಳೆದಾಗ ಅವನು ಬಾಚಣಿಗೆ ಕೈಯಲ್ಲಿ ಹಿಡಿದು ಕನ್ನಡಿಯ ಮುಂದಿದ್ದ. ತಲೆ ಬಾಚುವುದನ್ನೇ ಮರೆತು ಕಾಲೇಜಿಗೆ ಹೋದ.

ಕಾಳಗಿಯ ಹತ್ತಿರ ಅಣ್ಣನ ಹೊಲವಿತ್ತು. ಮಾಘ ಮುಗಿಯುವ ಹೊತ್ತು. ಮನೆಯ ಪಡಸಾಲೆಯ ಮೂಲೆಯಲ್ಲಿ ಒಂದು ಗಂಟು ಹತ್ತಿ ಮಾತ್ರ ಉಳಿದಿತ್ತು. ಅತ್ತಿಗೆ ಶಿವಕಾಂತಮ್ಮ ಅದನ್ನು ಹಾಗೇ ಬಿಟ್ಟಿದ್ದರು.

"ಅದು ಕಡೀ ಬಿಡಿಸಿದ್ದೋ ರತ್ನಾ, ಛಲೋ ಇಲ್ಲ. ಗಾದಿಗಿ ಹಾಕಲಿಕ್ಕೂ ಬರಾಂಗಿಲ್ಲ. ಸುಡಬೇಕಂತ ಇಟ್ಟೀನಿ."

"ನನಗ ಮುಷ್ಟಿ ಅಷ್ಟು ಸಾಕು ವೈನಿ. ಕಾಲೇಜಿನ್ಯಾಗ ಹುಡುಗರಿಗೆ ತೋರಿಸಬೇಕು."

ಶಿವಕಾಂತಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. "ಹತ್ತಿ ನೋಡದ ಹುಡುಗ್ರು ಯಾರ ಇದ್ದಾರೋ ನಿನ್ನ ಕಾಲೇಜಿನ್ಯಾಗ? ಹೊಲ ಬಿಟ್ಟು ಪುಸ್ತಕ ಹಿಡದ ಮ್ಯಾಲೆ ನೀನೇ ಮರತೀದಿ. ಅವರಿಗೇನು ತೋರಸ್ತಿ? ಬಾ, ರೊಟ್ಟಿ ಉಣ್ಣು. ಭಾಳ ಸೊರಗಿ ಹೋಗೀದಿ."

ಅವನು ಉಂಡ. ಅತ್ತಿಗೆ ಹೇಳಿದ್ದು ನಿಜವೇ. ಎಂಟನೆಯ ಇಯತ್ತೆಗೆ ಹಾಸ್ಟೆಲ್ ಸೇರಿದವನು ಮತ್ತೆ ಹತ್ತಿ ಸಾಲಿನಲ್ಲಿ ಕಾಲಿಟ್ಟಿರಲಿಲ್ಲ. ಕೋಟ್ಯಂತರ ವರ್ಷಗಳ ಹಿಂದಿನ ಕಲ್ಲಿನ ಹುಟ್ಟು ಬಾಯಿಪಾಠವಿತ್ತು, ಹೋದ ಹಂಗಾಮಿನ ಹತ್ತಿಯ ಸುದ್ದಿ ಬೇಡವಾಗಿತ್ತು.

ವಾಡಿಯ ಮನೆಯಲ್ಲಿ ಭಾನುವಾರಗಳು ಇದಕ್ಕೇ ಹೋದವು. ಕಿಟಕಿ ಮುಚ್ಚಿ, ಫರ್ಸಿ ನೆಲದ ಮೇಲೆ ಬಿಳಿ ಕಾಗದ ಹಾಸಿ ಕೂತ. ಬೀಜದ ಸುತ್ತಲಿನ ಎಳೆಯನ್ನು ಸೂಜಿಯಿಂದ ಬಿಡಿಸಿ, ಕತ್ತರಿಯಿಂದ ಸಮ ಮಾಡಿ, ಅಕ್ಕಿ ಗಂಜಿಯ ತಿಳಿಯನ್ನು ಹನಿಸಿ ನಿಲ್ಲಿಸಿದ. ಮೇಲೆ ಚಿಟಿಕೆ ಅಭ್ರಕದ ಪುಡಿ, ರೇಶಿಮೆಯ ಹೊಳಪಿಗೆ. ಮೊದಲ ಉಂಡೆಗಳು ಸಣ್ಣವಾದವು. ಆಮೇಲೆ ಅದೃಷ್ಟ ತಾನಾಗಿ ಕೈಗೆ ಬಂತು. ಆ ಗಂಟಿನಲ್ಲಿ ಕೆಲವು ಬೀಜ ಎರಡೆರಡು ಅಂಟಿಕೊಂಡು ಜೋಡಿಯಾಗಿದ್ದವು. ಅವುಗಳ ಎಳೆ ಬಿಡಿಸಿದರೆ ಉಂಡೆ ದುಂಡಗೆ, ದೊಡ್ಡದಾಗಿ, ಅಳತೆಗೆ ಸರಿಯಾಗಿ ಕೂರುತ್ತಿತ್ತು. ಬೇಕೆಂದು ಹುಡುಕಿದರೂ ಸಿಗದ ವಸ್ತು. ಅಂಥವನ್ನೇ ಆರಿಸಿ ಆರಿಸಿ ತೆಗೆದ. ಬಿಸಿಲಿಗೆ ಇಟ್ಟು ಕಾಯಿಸಲೇ ಎಂದು ಒಮ್ಮೆ ಯೋಚಿಸಿ, ಬಿಳುಪು ಕೆಟ್ಟೀತೆಂದು ಬಿಟ್ಟ. ಕೊನೆಗೆ ನಡುವಿನ ಉಂಡೆಯ ಮೇಲೆ ತನ್ನ ಬೆರಳು ಊರಿದ. ತಗ್ಗು ಬಿತ್ತು. ಭಾಗ್ಯನದಕ್ಕಿಂತ ಅಗಲವಾಗಿತ್ತು. ಇನ್ನೊಂದು ಉಂಡೆ ಮಾಡಿ ಕಿರುಬೆರಳು ಊರಿದ, ಸರಿಹೋಯಿತು.

ಕಲ್ಲನ್ನು ಹಳೆಯ ಕಟ್ಟಡದಿಂದ ಹೊಸ ಮ್ಯೂಜಿಯಂ ಕೋಣೆಗೆ ಸಾಗಿಸುವ ದಿನ ಬಂತು. "ರತ್ನದೀಪ ಸರ್, ನೀವೇ ಹಿಡ್ಕೊಂಡು ಬರ್ರಿ," ಎಂದರು ಚಂದ್ರಾಮಪ್ಪ. "ನಮಗ್ಯಾಕ ಅದರ ಉಸಾಬರಿ?" ಅವನು ಹಿಡಿದುಕೊಂಡು ಹೊರಟ, ನಡುವೆ ತನ್ನ ಪ್ರಯೋಗಾಲಯಕ್ಕೆ ಹೊಕ್ಕ, ಹೊರಗೆ ಬಂದ. ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣೆದುರು, ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಕೆಲಸ ಮುಗಿದಿತ್ತು.

ಹೊಸ ಕೋಣೆಯಲ್ಲಿ ಸಿಪಾಯಿ ಕಲೀಮ್ ಪಕ್ಕದ ಪೆಟ್ಟಿಗೆಗಳಿಗೆ ಡಾಂಬರ ಗುಳಿಗೆ ಹಾಕುತ್ತಿದ್ದ. ಹುಲ್ಲು ತುಂಬಿದ ನವಿಲು, ಸೂಜಿ ಚುಚ್ಚಿಟ್ಟ ಪಾತರಗಿತ್ತಿ, ಎಲ್ಲದಕ್ಕೂ ಎರಡೆರಡು ಬಿಳಿ ಗುಳಿಗೆ.

"ಸರ್, ಇದ್ರಾಗೂ ಎರಡು ಹಾಕಲೇನ್ರಿ?"

ರತ್ನದೀಪನಿಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ಬಂದ ನಗು, ಅವನಿಗೇ ಹೊಸದೆನಿಸಿತು. "ಕಲ್ಲಿಗೆ ಹುಳ ಬೀಳ್ತದೇನೋ ಕಲೀಮ್?"

ಕಲೀಮನೂ ನಕ್ಕ. ರತ್ನದೀಪ ಗಾಜಿನ ಅಂಚಿಗೆಲ್ಲ ತಾನೇ ಸಿಲಿಕಾನ್ ಅಂಟು ಬಳಿದು, ಮೂಲೆಗಳಿಗೆ ಅರಗು ಇಳಿಸಿ, ಅರಗಿನ ಮೇಲೆ ತನ್ನ ಉಂಗುರದ ಮುದ್ರೆ ಒತ್ತಿದ. ಗಾಳಿ ಆಡಬಾರದು, ಧೂಳು ಹೋಗಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಯಾರೂ ತೆರೆಯಬಾರದು. "ಇನ್ನ ಇರಬಿ ಸುದ್ದಾ ಒಳಗ ಹೋಗಲಿಕ್ಕಿಲ್ಲ ಸರ್," ಎಂದು ಚಂದ್ರಾಮಪ್ಪನವರಿಗೆ ವರದಿ ಒಪ್ಪಿಸಿದ. ಅವರು ಬೆನ್ನು ತಟ್ಟಿದರು.

ಸಂಜೆಯ ಪ್ಯಾಸೆಂಜರ್ ಗಾಡಿಯಲ್ಲಿ ಚಿತ್ತಾಪುರ ದಾಟುವಾಗ ಕಿಟಕಿಯಿಂದ ಗಾಳಿ ನುಗ್ಗಿತು. ಅಸಲು ಕಲ್ಲಿದ್ದ ತೊಡೆಯ ಮೇಲಿನ ಡಬ್ಬಿಗೆ ಅವನು ಟವೆಲ್ಲನ್ನು ಚಪ್ಪರದ ಹಾಗೆ ಹಿಡಿದ. ಭಾಗ್ಯ ಹಿಡಿದಿದ್ದು ಹೀಗೆಯೇ ಎಂದು ನೆನಪಾಯಿತು. ಮನೆಗೆ ಬಂದು, ಅವಳ ಸೀರೆಗಳಿದ್ದ ಟ್ರಂಕಿನಲ್ಲಿ ಕಲ್ಲನ್ನು ಇಟ್ಟು, ಆ ತಗ್ಗನ್ನು ನೋಡುತ್ತ ಕೂತ. ಅಳು ಬರಬಹುದೆಂದು ಕಾದ. ಬರಲಿಲ್ಲ. ದಿನವೂ ಕೆಲಸದಿಂದ ಬಂದು ಟ್ರಂಕು ತೆಗೆಯುವುದು, ನೋಡುವುದು, ಮುಚ್ಚುವುದು ರೂಢಿಯಾಯಿತು. ಸುಖವೆಂದು ಹೇಳಲಾಗದು, ಆದರೂ ಮನೆಯಲ್ಲಿ ಒಬ್ಬನೇ ಇದ್ದೇನೆಂದು ಅನಿಸುವುದು ನಿಂತಿತ್ತು.

ಬೇಸಿಗೆ ಕಳೆಯಿತು. ಉದ್ಘಾಟನೆ ಮುಂದೆ ಮುಂದೆ ಹೋಗಿ, ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ದಿನ ಗೊತ್ತಾಯಿತು. ಕಲಬುರಗಿಯಿಂದ ಅಧಿಕಾರಿಗಳು, ಹೈದರಾಬಾದಿನಿಂದ ಒಬ್ಬ ಕಲ್ಲಿನ ಪಂಡಿತರು ಬಂದರು. ಪಂಡಿತರು ಗಾಜಿಗೆ ಮೂಗು ತಾಗಿಸಿ ನೋಡಿ, "ಅದ್ಭುತ," ಎಂದರು. ಪೆಟ್ಟಿಗೆಯೊಳಗೆ ಮೊದಲೇ ಕೂರಿಸಿದ್ದ ಸಣ್ಣ ವಿದ್ಯುತ್ ದೀಪದಲ್ಲಿ ಅಭ್ರಕ ಮಿನುಗುತ್ತಿತ್ತು. ರತ್ನದೀಪ ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದ. ಎದೆಬಡಿತ ಕೂಡ ಏರಲಿಲ್ಲ.

"ಇದು ನಮ್ಮ ಶೋಧನೆ," ಎಂದು ಚಂದ್ರಾಮಪ್ಪ ಭಾಷಣ ಎತ್ತಿದರು. "ಮುಟ್ಟಿದ್ರ ಕೆಡ್ತದ. ಅದಕ್ಕ ನಮ್ಮ ರತ್ನದೀಪ ಸರ್ ತಮ್ಮ ಕೈಯಾರೆ ಸೀಲ್ ಮಾಡಿ, ತಮ್ಮ ಉಂಗುರದ್ದೇ ಮುದ್ರಿ ಒತ್ಯಾರ. ನೋಡ್ರಿ, ಮುದ್ರಿ ಒಡದಿಲ್ಲ. ಅವತ್ತಿನಿಂದ ಇವತ್ತಿನ ತನಕ ಒಂದು ಇರಬಿ ಸುದ್ದಾ ಒಳಗ ಹೋಗಿಲ್ಲ!"

ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವ ಮೊದಲೇ ಮುಂದೆ ನಿಂತಿದ್ದ ವಿದ್ಯಾರ್ಥಿನಿ ಶ್ರುತಿ ಬಗ್ಗಿ ನೋಡಿದಳು. "ಸರ್, ಒಳಗ ಏನೋ ಹಾರ್ಲಿಕತ್ತದ ನೋಡ್ರಿ."

ದೀಪದ ಸುತ್ತ ಅಕ್ಕಿಕಾಳಿನಷ್ಟು ಒಂದು ಕಂದು ಪತಂಗ ಗಾಜಿಗೆ ಬಡಿದುಕೊಳ್ಳುತ್ತಿತ್ತು. ಕೆಳಗೆ ನಡುವಿನ ಉಂಡೆಯಲ್ಲಿ, ಕಿರುಬೆರಳಿನ ತಗ್ಗಿನಲ್ಲೇ, ಒಂದು ದುಂಡು ತೂತು ಬಿದ್ದು ಬೀಜದ ಕರಿ ಸಿಪ್ಪೆ ಇಣುಕುತ್ತಿತ್ತು. "ಗುಲಾಬಿ ಹುಳದ್ದಲ್ಲೇನ್ರಿ ಇದು, ಹತ್ತಿದು?" ಎಂದಳು ಶ್ರುತಿ. ಕೋಣೆಯಲ್ಲಿ ಹತ್ತಿ ಹೊಲ ನೋಡದ ಹುಡುಗರು ಯಾರೂ ಇರಲಿಲ್ಲ, ತೊಗರಿ ಹತ್ತಿಯಲ್ಲೇ ಬೆಳೆದ ಚಂದ್ರಾಮಪ್ಪನವರೂ ಅದನ್ನು ಬಲ್ಲವರೇ. ಕಡೆಯ ಬಿಡಿಸುವಿಕೆಯ ಹತ್ತಿಯಲ್ಲಿ ಹುಳ ಎರಡು ಬೀಜಗಳನ್ನು ಒಂದಕ್ಕೊಂದು ಹೊಲಿದು, ಅವುಗಳ ನಡುವೆ ಮಲಗಿ, ಮಳೆ ಬಂದಾಗ ರೆಕ್ಕೆ ಕಟ್ಟಿಕೊಂಡು ಹೊರಗೆ ಬರುತ್ತದೆ. ಅದಕ್ಕೇ ಅತ್ತಿಗೆ ಆ ಗಂಟನ್ನು ಸುಡಲು ಇಟ್ಟಿದ್ದರು, ಅವನು ಅದೃಷ್ಟವೆಂದು ಜೋಡಿ ಬೀಜಗಳನ್ನೇ ಆರಿಸಿದ್ದ. ಚಂದ್ರಾಮಪ್ಪ ಮುದ್ರೆಯನ್ನು ನೋಡಿದರು, ಆಮೇಲೆ ಅವನ ಉಂಗುರವನ್ನು ನೋಡಿದರು. ರತ್ನದೀಪ ಆ ಕೈಯನ್ನು ಬೆನ್ನ ಹಿಂದೆ ಎಳೆದುಕೊಂಡ. ಇನ್ನು ಮನೆಗೆ ಬರುತ್ತಾರೆ, ಟ್ರಂಕು ತೆಗೆಯುತ್ತಾರೆ, ಪಂಚನಾಮೆಗೆಂದು ಒಬ್ಬೊಬ್ಬರೂ ಆ ಬಿಳುಪನ್ನು ಮುಟ್ಟಿ ನೋಡುತ್ತಾರೆ. ಅಷ್ಟು ಬೆರಳುಗಳಲ್ಲಿ ಭಾಗ್ಯನದು ಯಾವುದೆಂದು ಆಮೇಲೆ ಅವನಿಗೂ ತಿಳಿಯಲಿಕ್ಕಿಲ್ಲ. ಇಷ್ಟು ವರ್ಷ ಸುಮ್ಮನಿದ್ದ ಎದೆಯಲ್ಲಿ ಈಗ ನೋವು ಎದ್ದಿತು, ತಡೆಯಲಾರದಂಥ ನೋವು. ಪಕ್ಕದಲ್ಲಿ ಕಲೀಮ್ ಏನೂ ಅರಿಯದೆ ಗಾಜನ್ನೇ ನೋಡುತ್ತ ಮೆಲ್ಲಗೆ ಅಂದ: "ನಾ ಅವತ್ತೇ ಕೇಳಿದ್ನಲ್ರಿ ಸರ್, ಎರಡು ಗುಳಿಗಿ ಹಾಕಲೇನಂತ."