ಎರಡನೇ ಪೆಟ್ಟಿಗೆಯ ಕಾರ್ಡು

ಮಾರ್ಚ್ ಹನ್ನೊಂದು, ಬೆಳಗ್ಗೆ 10.20. ಠಾಣೆಗೆ ಬಂದ ಹೆಂಗಸು ಕುರ್ಚಿ ಕೊಟ್ಟರೂ ಕೂರಲಿಲ್ಲ. ಮೂರು ದಿನದ ಹಿಂದೆ ಕಾಗದದ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಆಕೆಯ ಗಂಡ ಸತ್ತಿದ್ದ. ತಪ್ಪು ಅವನದೇ ಎಂದು ಕಾರ್ಖಾನೆಯವರು ಕೈ ತೊಳೆದುಕೊಂಡಿದ್ದರು.

"ಒಂದು ಬೋಲ್ಟನ್ನೂ ಎರಡು ಸಲ ನೋಡದೆ ಬಿಡೋರಲ್ಲ ಸಾರ್ ನಮ್ಮ ಯಜಮಾನ್ರು. ಸತ್ತವರ ತಲೆಗೆ ಕಟ್ಟೋದು ಸುಲಭ."

ಜೊತೆಗಿದ್ದ ಅವಳ ತಂದೆ ಅದೇ ಕಾರ್ಖಾನೆಯ ಫೋರ್‌ಮನ್. ದೂರಿಗೆ ಸಾಕ್ಷಿಯಾಗಿ ಸಹಿ ಹಾಕಲು ಬಂದ ಮುದುಕನಿಗೆ ಇನ್‌ಸ್ಪೆಕ್ಟರ್ ತಾವೇ ಕುರ್ಚಿ ಎಳೆದುಕೊಟ್ಟರು. ಎಫ್‌ಐಆರ್ ದಾಖಲಾಯಿತು.

12.40ಕ್ಕೆ ಸ್ಥಳ ಪಂಚನಾಮೆ. ಬಾಯ್ಲರ್‌ಗೆ ನೀರು ಹರಿಸಲು ಎರಡು ಕಂಟ್ರೋಲರ್ ಪೆಟ್ಟಿಗೆಗಳಿದ್ದವು; ಒಂದು ಕೈಕೊಟ್ಟರೆ ಇನ್ನೊಂದು ಆ ಕ್ಷಣವೇ ಕೆಲಸ ವಹಿಸಿಕೊಳ್ಳಬೇಕು. ತಿಂಗಳಿಗೊಮ್ಮೆ ಮೊದಲನೆಯದನ್ನು ಬೇಕೆಂದೇ ಆರಿಸಿ ಎರಡನೆಯದು ಏಳುತ್ತದೆಯೇ ಎಂದು ಪರೀಕ್ಷಿಸುತ್ತಿದ್ದರು. ಸತ್ತವನು ಆ ದಿನ ಮಾಡಿದ್ದೂ ಅದನ್ನೇ. ಎರಡನೆಯದು ಮಿಸುಕಲಿಲ್ಲ. ನೀರು ನಿಂತಿತು, ಕೈಯಿಂದ ವಾಲ್ವ್ ತಿರುಗಿಸಲು ಓಡಿದವನು ಬಾಯ್ಲರ್ ಸಿಡಿದು ಹಬೆಗೆ ಸಿಕ್ಕಿದ.

ಎರಡನೇ ಪೆಟ್ಟಿಗೆಯ ಹಸಿರು ದೀಪ ಇನ್ನೂ ಉರಿಯುತ್ತಿತ್ತು. ಹೆಡ್ ಕಾನ್‌ಸ್ಟೇಬಲ್ ಬಾಗಿಲು ತೆಗೆದರೆ ಒಳಗೆ ಮುಖ್ಯ ಸರ್ಕ್ಯೂಟ್ ಕಾರ್ಡೇ ಇಲ್ಲ. ದೀಪಕ್ಕೆ ಮಾತ್ರ ಬೇರೆ ಕಡೆಯಿಂದ ತಂತಿ ಎಳೆದಿತ್ತು. "ಒಳ್ಳೇ ವೇಷ ಕಟ್ಟಿದ್ದಾರೆ ಸಾರ್," ಎಂದವನು ಯಾರೂ ನಗದಿದ್ದುದು ಕಂಡು ದಾಸ್ತಾನು ಪುಸ್ತಕ ತೆರೆದ. ನಂಬರು ತಾಳೆ ನೋಡಿದಾಗ ಆ ಕಾರ್ಡು ಮೊದಲನೇ ಪೆಟ್ಟಿಗೆಯಲ್ಲಿತ್ತು. ಪರೀಕ್ಷೆಯ ರಿಜಿಸ್ಟರಿನಲ್ಲಿ ಏಳು ತಿಂಗಳಿಂದ 'ಸರಿಯಿದೆ' ಎಂದು ಬರೆದು ಒಬ್ಬನೇ ಸಹಿ ಹಾಕಿದ್ದ. ಬೆಳಗ್ಗೆ ದೂರಿನ ಕೆಳಗೆ ಕಂಡ ಸಾಕ್ಷಿಯ ಸಹಿಯೇ ಅದು. ಇನ್‌ಸ್ಪೆಕ್ಟರ್ ರಿಜಿಸ್ಟರನ್ನು ವಶಕ್ಕೆ ತೆಗೆದುಕೊಂಡರು.

ಸಂಜೆ 4.15, ಠಾಣೆ.

"ಕಾರ್ಡು ಕಿತ್ತದ್ದು ಯಾರು?"

"ನಾನೇ."

ಮೊದಲನೆಯದರ ಕಾರ್ಡು ಸುಟ್ಟಿತ್ತು, ಕೆಲಸ ನಿಲ್ಲಬಾರದೆಂದು ಇದನ್ನು ಹಾಕಿದೆ, ಹೊಸದು ಇವತ್ತು ನಾಳೆ ಅನ್ನುತ್ತಾ ಬರಲೇ ಇಲ್ಲ ಎಂದು ಫೋರ್‌ಮನ್ ಒಪ್ಪಿಕೊಂಡ. ಈ ತಿಂಗಳಿಂದ ಪರೀಕ್ಷೆ ಅಳಿಯನ ಪಾಲಿಗೆ ಬಂದಿತ್ತು.

"ಅಳಿಯನಿಗೆ ಹೇಳಲಿಲ್ವಾ?"

"ಆ ಎರಡನ್ನೂ ಪ್ಲಾನ್ ಮಾಡಿ ಜೋಡಿಸಿದ್ದೇ ನಾನು. ಒಂದು ಬಿದ್ರೆ ಇನ್ನೊಂದು ಎದ್ದು ನಿಲ್ಲತ್ತೆ ಅಂತ ಅವನ ಮುಂದೆ ಎಷ್ಟು ಕೊಚ್ಚಿಕೊಂಡಿದ್ದೆ. ಯಾವ ಮುಖ ಇಟ್ಕೊಂಡು ಹೇಳಲಿ? ಪರೀಕ್ಷೆ ಇದ್ದದ್ದು ಹತ್ತನೇ ತಾರೀಕಿಗೆ. ಒಂಬತ್ತಕ್ಕೆ ಹೇಳೋಣ ಅಂತಿದ್ದೆ ಸಾರ್. ಅವನು ಎಂಟಕ್ಕೇ ಮಾಡ್ಬಿಟ್ಟ."

5.30ಕ್ಕೆ ಬಂಧನ. ಬಂಧನ ಪತ್ರಕ್ಕೆ ಹತ್ತಿರದ ಸಂಬಂಧಿಕರ ಸಹಿ ಬೇಕಿತ್ತು. ಬೇರೆ ಯಾರಾದರೂ ಇದ್ದಾರೆಯೇ ಎಂದು ಇನ್‌ಸ್ಪೆಕ್ಟರ್ ಎರಡು ಸಲ ಕೇಳಿದರು.

"ಅಳಿಯ ಇದ್ದ," ಎಂದ ಮುದುಕ. "ಈಗ ಅವಳೊಬ್ಬಳೇ."

ಮಗಳು ಬಂದು ಪತ್ರ ಪೂರ್ತಿ ಓದಿ ಸಹಿ ಹಾಕಿದಳು. "ಹೇಳಿದ್ರೆ ಅವ್ರು ನಗ್ತಿರ್ಲಿಲ್ಲಪ್ಪ," ಎಂದಳು. "ಇಬ್ರೂ ಕೂತು ಸರಿ ಮಾಡ್ತಿದ್ರಿ."

ಮೃತನ ತಪ್ಪೇನೂ ಇಲ್ಲವೆಂದು ಇನ್‌ಸ್ಪೆಕ್ಟರ್ ಕೇಸ್ ಡೈರಿಯ ಮೊದಲ ಸಾಲಿನಲ್ಲೇ ಬರೆದರು. ಕಾರಣ ಎಂಬಲ್ಲಿ ನಾಚಿಕೆ ಎಂದು ಬರೆದರು. ಬೇರೆ ಪದ ಅವರಿಗೆ ಸಿಗಲಿಲ್ಲ.