ಎರಡು ಹೋಳಾದ ಕಂಚಿನ ಹುಲಿ

ನಮ್ಮ ತಾತನ ತಾತಂದಿರೂ ಹುಟ್ಟದೇ ಇದ್ದ ಕಾಲದಲ್ಲಿ, ದೂರದ ಚೀನಾ ದೇಶದ ಒಂದು ರಾಜ್ಯದಲ್ಲಿ, ಜೀವವಿದ್ದ ಕಂಚಿನ ಹುಲಿಯೊಂದಿತ್ತು. ಮೂಗಿನಿಂದ ಬಾಲದವರೆಗೆ ಅದನ್ನು ಸರಿಯಾಗಿ ಎರಡು ಹೋಳು ಮಾಡಿದ್ದರು. ಒಂದು ಹೋಳು ಚಕ್ರವರ್ತಿಯ ಅರಮನೆಯಲ್ಲಿ, ಇನ್ನೊಂದು ದಂಡನಾಯಕನ ಡೇರೆಯಲ್ಲಿ. ಎರಡೂ ಕೂಡಿದಾಗ ಮಾತ್ರ ಸೈನ್ಯ ಕದಲಬೇಕು. ಯಾರ ಸೂರಿನ ಕೆಳಗೆ ಕೂಡುತ್ತದೋ ಅವರ ಅಪ್ಪಣೆಯನ್ನೇ ಹುಲಿ ಕೇಳಬೇಕು. ಇದು ಆ ರಾಜ್ಯದ ಕಟ್ಟಳೆ.

ಮಕ್ಕಳಿಲ್ಲದ ಚಕ್ರವರ್ತಿ ತೀರಿಕೊಂಡ. ದಂಡನಾಯಕ ಕುವಾಂಗ್ ಶಿ ತನ್ನ ಹೋಳನ್ನು ಹಿಡಿದು ಹೊಳೆಯ ಬಡಗಣ ದಡದಲ್ಲಿ ಕೂತ. ಅವನ ಎದುರಾಳಿ, ಅರಮನೆ ಕಾವಲಿನ ದಂಡನಾಯಕ ಡುವಾನ್ ಪಾವ್, ಅಲ್ಲಿದ್ದ ಹೋಳನ್ನು ಹೊತ್ತುಕೊಂಡು ತೆಂಕಣ ದಡ ಸೇರಿದ. ಇಬ್ಬರಿಗೂ ಸಿಂಹಾಸನ ಬೇಕು. ಸೈನಿಕರೋ, ಅರ್ಧ ಹುಲಿಯ ಮಾತಿಗೆ ಒಂದು ಹೆಜ್ಜೆಯನ್ನೂ ಎತ್ತಿಡಲಿಲ್ಲ.

ಆಗ ಬಂದವನು ಬೂದಿಗಣ್ಣಿನ ಮಾಂತ್ರಿಕ ಮೋ. "ಮನುಷ್ಯರಿಗೆ ಕಟ್ಟಳೆ ಗೊತ್ತು, ಮಣ್ಣಿಗೆ ಗೊತ್ತಿಲ್ಲ" ಎಂದು ಅವನು ಎರಡೂ ದಡದ ಸೈನಿಕರ ಮೇಲೆ ಉಸಿರು ಊದಿದ. ನಿಂತವರು ನಿಂತಲ್ಲೇ ಮಣ್ಣಿನ ಗೊಂಬೆಗಳಾದರು. ಅರ್ಧ ಹುಲಿ ಅರ್ಧ ಗರ್ಜಿಸಿದರೂ ಸಾಕು, ಗೊಂಬೆಗಳು ಹೊಳೆಗೆ ಇಳಿದು ಒಂದನ್ನೊಂದು ಒಡೆಯುತ್ತಿದ್ದವು. ಆಮೇಲೆ ಮೋ ಚೂರುಗಳನ್ನು ಮೆತ್ತಿ ಮತ್ತೆ ನಿಲ್ಲಿಸುತ್ತಿದ್ದ. ಒಡೆದವರ ಆಯುಸ್ಸೆಲ್ಲ ಅವನಿಗೆ ಸೇರುತ್ತಿತ್ತು. ಯುದ್ಧ ಬೆಳೆದಂತೆಲ್ಲ ಅವನ ಬಿಳಿಗಡ್ಡ ಕಪ್ಪಾಗುತ್ತಾ ಬಂತು.

ಆ ಹೊಳೆಯಲ್ಲಿ ಬಿದಿರಿನ ಸೂರಿನ ದೋಣಿ ನಡೆಸುತ್ತಿದ್ದವಳು ರೂಯಿನ್. ಅವಳ ತಮ್ಮ ಚಾನ್ ಬಡಗಣ ದಡದ ಸಾಲಿನಲ್ಲಿ ಮಣ್ಣಾಗಿ ನಿಂತಿದ್ದ. ಕತ್ತನ್ನು ಒಂದಿಷ್ಟು ಎಡಕ್ಕೆ ವಾಲಿಸುವ ಅವನ ಚಾಳಿಯಿಂದಲೇ ಅಕ್ಕ ಗುರುತು ಹಿಡಿದಿದ್ದಳು. ದಿನವೂ ಅವನ ಮೈಮೇಲಿನ ಧೂಳು ಒರೆಸಿ ಬರುತ್ತಿದ್ದಳು. ಒಂದು ದಿನ ಒರೆಸುವಾಗ ಅವನ ಬಲಗೈ ಮಣಿಕಟ್ಟಿನಿಂದ ಕಳಚಿ ಅವಳ ಮಡಿಲಿಗೆ ಬಿತ್ತು.

"ಇವನು ಮೆತ್ತಿ ಮೆತ್ತಿ ಸವೆದುಹೋಗಿದ್ದಾನೆ" ಎಂದ ಪಕ್ಕದಲ್ಲಿ ನಿಂತಿದ್ದ ಮೋ. "ನಾಳೆಯ ಯುದ್ಧದಲ್ಲಿ ಒಡೆದರೆ ಪುಡಿಯೇ. ಆಮೇಲೆ ನನ್ನಿಂದಲೂ ಆಗದು."

ರೂಯಿನ್ ಅಳಲಿಲ್ಲ. ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಅದೇ ದಡದಲ್ಲಿ ದೂರದಲ್ಲಿದ್ದ ಕುವಾಂಗ್ ಶಿಯ ಡೇರೆಯ ಕಡೆ ದೋಣಿ ತಿರುಗಿಸಿದಳು. ಮೋ ಹೊಳೆಯ ಮೇಲೆ ಮಂಜು ಹಾಸಿದ. ಹುಟ್ಟು ಹಿಡಿದ ತನ್ನ ಕೈಯೇ ಅವಳಿಗೆ ಕಾಣಲಿಲ್ಲ. ಅರ್ಧ ಹುಲಿ ನರಳುವ ಸದ್ದೊಂದು ಕೇಳುತ್ತಿತ್ತು. ಅದನ್ನೇ ಹಿಡಿದು ದಡ ಮುಟ್ಟಿದಳು.

ಅರ್ಧ ಹುಲಿ ಅಂದರೆ ನಗಬೇಡಿ. ಒಂದು ಕಣ್ಣು, ಒಂದು ಕಿವಿ, ಎರಡು ಕಾಲು. ನಿಲ್ಲಲಾಗದೆ ಡೇರೆಯ ಕಂಬಕ್ಕೆ ಒರಗಿತ್ತು. ಹಾಕಿದ ಮಾಂಸವೆಲ್ಲ ಇನ್ನೊಂದು ಮಗ್ಗುಲಿನಿಂದ ಆಚೆ ಬೀಳುತ್ತಿತ್ತು. ಆದರೂ ಆ ಒಂದು ಕಣ್ಣು ಅವಳ ಕಡೆ ತಿರುಗಿದಾಗ ರೂಯಿನ್‌ಗೆ ಬೆಟ್ಟವೇ ತನ್ನನ್ನು ನೋಡಿದಂತಾಗಿ ಮೈ ಜುಮ್ಮೆಂದಿತು.

"ಹಸಿವೇನೋ ಹುಲಿಯಪ್ಪ?"

"ಚಳಿ, ತಾಯಿ. ಕತ್ತರಿಸಿದ ಮಗ್ಗುಲಿಗೆ ಗಾಳಿ ಹೊಡೆಯುತ್ತೆ. ಒಡೆಯ ಸರಪಳಿ ಕೈಬಿಟ್ಟರೆ ಸಾಕು, ನನ್ನ ಇನ್ನೊಂದು ಮಗ್ಗುಲಿನ ಹತ್ತಿರ ಹೋಗಿಬಿಡ್ತೀನಿ."

ಸರಪಳಿ ಕುವಾಂಗ್ ಶಿಯ ಬಲಗೈಗೆ ಸುತ್ತಿತ್ತು. ಉಣ್ಣುವಾಗ, ಮಲಗುವಾಗ ಕೂಡ ಅವನು ಅದನ್ನು ಬಿಡುತ್ತಿರಲಿಲ್ಲ. ಎದುರಿಗೆ ಹಬೆಯಾಡುವ ಚಹಾದ ಬಟ್ಟಲೊಂದಿತ್ತು.

"ದೊರೆ, ರಾಜಿ ಮಾಡಿಕೊಳ್ಳಿ. ನನ್ನ ತಮ್ಮ ಪುಡಿಯಾಗ್ತಾನೆ" ಎಂದಳು.

"ನಾನೆಲ್ಲಿ ಬೇಡ ಅಂದೆ? ಆ ಪಾವ್ ಬರಲಿ, ನನ್ನ ಡೇರೆಯ ಚಹಾ ಕುಡಿಯಲಿ. ವರ್ಷಗಟ್ಟಲೆ ಕಾಯಿಸಿ ಇಟ್ಟಿದ್ದೀನಿ. ಅವನ ಡೇರೆಗೆ ನಾನು ಹೋಗಿ ಕುಡಿದರೆ ನಾನು ಚಿಕ್ಕವನಾದ ಹಾಗಲ್ಲವೇ?"

ರೂಯಿನ್ ತೆಂಕಣ ದಡಕ್ಕೆ ಹೊರಟಳು. ಮೋ ಕಬ್ಬಿಣದ ಕೊಕ್ಕಿನ ಕೊಕ್ಕರೆಗಳನ್ನು ಬಿಟ್ಟ. ಅವು ದೋಣಿಯ ತಳವನ್ನು ಕುಕ್ಕಿ ಕುಕ್ಕಿ ತೂತು ಮಾಡಿದವು. ಒಂದು ಕೈಯಲ್ಲಿ ನೀರು ಮೊಗೆಯುತ್ತಾ ಒಂದು ಕೈಯಲ್ಲಿ ಹುಟ್ಟು ಹಾಕುತ್ತಾ ಹೇಗೋ ದಡ ಸೇರಿದಳು. ಅಲ್ಲೂ ಅರ್ಧ ಹುಲಿ, ಅಲ್ಲೂ ಕೈಗೆ ಸುತ್ತಿದ ಸರಪಳಿ, ಅಲ್ಲೂ ಹಬೆಯಾಡುವ ಬಟ್ಟಲು.

"ಆ ಕುವಾಂಗ್ ಶಿ ಮೊದಲು ಬಂದು ನನ್ನ ಚಹಾ ಕುಡಿಯಲಿ" ಎಂದ ಡುವಾನ್ ಪಾವ್.

ಒಂದು ರಾಜ್ಯವೇ ಮಣ್ಣಾಗಿರುವುದು ಈ ಎರಡು ಬಟ್ಟಲು ಚಹಾಕ್ಕಾಗಿಯೇ ಎಂದು ಅವಳಿಗೆ ಸಂಕಟವಾಯಿತು. ಆ ಸಂಕಟದಲ್ಲೇ ಮನೆಯಲ್ಲಿ ಅವ್ವ ಕಲಿಸಿದ ರೀತಿಯೊಂದು ನೆನಪಿಗೆ ಬಂತು.

ಬೆಳಗಾಗುತ್ತಲೇ ಯುದ್ಧದ ನಗಾರಿ ಹೊಡೆಯುವ ಮೊದಲು, ಅವಳು ತೂತುಗಳಿಗೆ ಅರಗು ತುಂಬಿ, ದೋಣಿಯನ್ನು ನಡುಹೊಳೆಗೆ ಒಯ್ದು ಲಂಗರು ಹಾಕಿದಳು. ಒಲೆ ಹಚ್ಚಿ ನೀರಿಟ್ಟು ಎರಡೂ ದಡಕ್ಕೆ ಕೇಳುವ ಹಾಗೆ ಕೂಗಿದಳು: "ದೊರೆಗಳೇ, ಇದು ಅವರ ದಡವೂ ಅಲ್ಲ, ಇವರ ದಡವೂ ಅಲ್ಲ. ಈ ದೋಣಿಗೆ ನಾನೇ ಮನೆಯವಳು, ನೀವಿಬ್ಬರೂ ನೆಂಟರು. ಬರದಿದ್ದವರನ್ನು ಹೆದರುಪುಕ್ಕಲ ಅಂತ ಜನ ಆಡಿಕೊಂಡರೆ ನನ್ನ ಕೇಳಬೇಡಿ."

ಆ ಮಾತು ಇಬ್ಬರಿಗೂ ನಾಟಿತು. ಒಬ್ಬನು ತೆಪ್ಪ ಹತ್ತುವುದನ್ನು ಕಂಡು ಇನ್ನೊಬ್ಬನೂ ಹತ್ತಿದ. ಹುಲಿಯ ಹೋಳನ್ನು ಬಿಟ್ಟು ಬರುವಷ್ಟು ನಂಬಿಕೆ ಇಬ್ಬರಿಗೂ ಯಾರ ಮೇಲೂ ಇರಲಿಲ್ಲ, ಎಳೆದುಕೊಂಡೇ ಬಂದರು.

ರೂಯಿನ್ ಎರಡು ಬಟ್ಟಲುಗಳಿಗೆ ಒಂದೇ ಸಲಕ್ಕೆ ಚಹಾ ಬಗ್ಗಿಸಿ ಮುಂದೆ ಹಿಡಿದಳು. ಕುವಾಂಗ್ ಶಿ ಎಡಗೈ ಚಾಚಿದ. ಡುವಾನ್ ಪಾವ್ ಕೂಡ ಎಡಗೈ ಚಾಚಿದ. ಅವಳು ಬಟ್ಟಲುಗಳನ್ನು ಹಿಂದಕ್ಕೆ ಎಳೆದುಕೊಂಡಳು.

"ನಮ್ಮ ನಾಡಿನಲ್ಲಿ ಮನೆಯವಳು ಕೊಟ್ಟ ಚಹಾವನ್ನು ಒಂದು ಕೈಯಲ್ಲಿ ಈಸಿಕೊಳ್ಳುವವರು ಯಾರು? ನಿಮ್ಮ ಅವ್ವಂದಿರು ಕಲಿಸಲಿಲ್ಲವೇ?"

ಇಬ್ಬರು ದಂಡನಾಯಕರ ಕಿವಿಗಳೂ ಕೆಂಪಾದವು. ಸಾವಿಗೆ ಅಂಜದವರು ಅವ್ವನ ಹೆಸರಿಗೆ ತಲೆ ತಗ್ಗಿಸಿದರು. ಬಲಗೈಗೆ ಸುತ್ತಿದ್ದನ್ನು ಬಿಚ್ಚಿ ಎರಡೂ ಕೈಗಳನ್ನು ಮುಂದೆ ಮಾಡಿದರು. ಸರಪಳಿಗಳು ಸಡಿಲವಾಗಿ ದೋಣಿಯ ಹಲಗೆಯ ಮೇಲೆ ಬಿದ್ದವು.

ಎರಡು ಹೋಳುಗಳು ಒಂದನ್ನೊಂದು ಕೂಡಿಕೊಂಡವು. ಹುಲಿ ನಾಲ್ಕು ಕಾಲಿನ ಮೇಲೆ ಎದ್ದು ನಿಂತು ಇಡಿಯಾಗಿ ಗರ್ಜಿಸಿತು. ಹೊಳೆ ಹರಿಯುವುದನ್ನು ನಿಲ್ಲಿಸಿತು. ಹಾರುತ್ತಿದ್ದ ಹಕ್ಕಿಗಳು ಹಾರಿದಲ್ಲೇ ನಿಂತವು. ಎರಡೂ ದಡದ ಮಣ್ಣಿನ ತಲೆಗಳೆಲ್ಲ ಕಣ್ಣು ಹಾಯುವವರೆಗೂ ಆ ಪುಟ್ಟ ದೋಣಿಯ ಕಡೆ ತಿರುಗಿದವು. ದಂಡನಾಯಕರಿಬ್ಬರೂ ಬಾಯಿ ತೆರೆದರು. ಹುಲಿ ಅವರನ್ನು ನೋಡಲೇ ಇಲ್ಲ.

"ಈ ಸೂರಿನ ಒಡತಿ, ಅಪ್ಪಣೆಯೇನು?" ಎಂದು ರೂಯಿನ್‌ಗೆ ತಲೆಬಾಗಿತು.

ನೀರಿನ ಮೇಲೆ ನಡೆದುಬಂದ ಮೋ ಅವಳ ಕಿವಿಯಲ್ಲಿ ಉಸುರಿದ. "ಒಂದೇ ಮಾತು ಹೇಳು. ಸಿಂಹಾಸನ ನಿನ್ನದು, ಏಳು ಬೆಟ್ಟದಾಚೆಯ ನಾಡೂ ನಿನ್ನದು. ನಿನ್ನ ತಮ್ಮನೇ ದಂಡನಾಯಕ."

ಆಸೆಯಾಗಲಿಲ್ಲ ಎಂದರೆ ಸುಳ್ಳು. ಅಷ್ಟು ದೊಡ್ಡ ಸೈನ್ಯ ತನ್ನ ತುಟಿಯನ್ನೇ ನೋಡುತ್ತಿರುವಾಗ ಯಾರಿಗೆ ಆಗುವುದಿಲ್ಲ? ಒಂದು ಗಳಿಗೆ ಅವಳ ಎದೆ ಉಬ್ಬಿತು. ಆಗ ಸೆರಗಿನ ಗಂಟಿನಲ್ಲಿದ್ದ ಮಣ್ಣಿನ ಕೈ ಸೊಂಟಕ್ಕೆ ತಣ್ಣಗೆ ತಗುಲಿತು.

"ಎಲ್ಲರೂ ಮನೆಗೆ ಹೋಗಿ" ಎಂದಳು.

ಅಂಥ ಅಪ್ಪಣೆಯನ್ನು ಹುಲಿ ತನ್ನ ಆಯುಸ್ಸಿನಲ್ಲೇ ಕೇಳಿರಲಿಲ್ಲ. ಅದು ಕಣ್ಣು ಮುಚ್ಚಿ ಮೆಲ್ಲಗೆ ಗುರುಗುಟ್ಟಿತು. ಎರಡೂ ದಡದಲ್ಲಿ ಮಣ್ಣು ಬಿರಿಯಿತು, ಒಳಗಿನಿಂದ ಕೆಮ್ಮುತ್ತಾ ಕಣ್ಣುಜ್ಜುತ್ತಾ ಮನುಷ್ಯರು ಹೊರಬಂದರು. ಕದ್ದ ಆಯುಸ್ಸೆಲ್ಲ ಮೋನ ಮೈಬಿಟ್ಟು ಅವರವರಿಗೆ ಮರಳಿತು. ಅವನ ಗಡ್ಡ ಬೆಳ್ಳಗಾಗಿ, ಮೈ ಬೂದಿಯಾಗಿ ನೀರಿನಲ್ಲಿ ಹೋಯಿತು.

ಸೆರಗಿನ ಗಂಟು ಹಗುರವಾಯಿತು. ಈಜುತ್ತಾ ಬಂದ ಚಾನ್ ಎರಡೂ ಕೈಗಳಿಂದ ದೋಣಿಯ ಅಂಚು ಹಿಡಿದು, ಕತ್ತನ್ನು ಎಡಕ್ಕೆ ವಾಲಿಸಿ ಕೇಳಿದ: "ಅಕ್ಕಾ, ಹಸಿವಾಗಿದೆ. ಏನು ಮಾಡಿದ್ದೀ?"

ಅಲ್ಲಿಯವರೆಗೆ ಅಳದಿದ್ದ ರೂಯಿನ್ ಆಗ ಅತ್ತಳು.

ಸಿಂಹಾಸನದ ಮೇಲೆ ಹುಲಿಯೇ ಮಲಗಿತು. ಅದನ್ನು ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ, ರಾಜ್ಯ ಸುಖವಾಗಿತ್ತು. ಸೈನ್ಯವಿಲ್ಲದ ದಂಡನಾಯಕರು ಹಣ್ಣು ಹಣ್ಣು ಮುದುಕರಾಗುವವರೆಗೂ ದಿನವೂ ನಡುಹೊಳೆಗೆ ಬಂದು, ಎರಡೂ ಕೈ ಚಾಚಿ, ರೂಯಿನ್ ಕೊಟ್ಟ ಚಹಾ ಕುಡಿದು ಹೋಗುತ್ತಿದ್ದರು.