ಸೇತುವೆಯಾಚೆ ಇಳಿಯುವವನು

ನಮ್ಮಿಬ್ಬರ ಕಥೆ ಶುರುವಾದದ್ದು ಹಲ್ಲಿನಿಂದ. ನನ್ನ ಹಲ್ಲಲ್ಲ, ನಾನು ಮುಖವನ್ನೇ ನೋಡಿರದ ಯಾರೋ ವಕೀಲರ ಹಲ್ಲು.

ನಾನು ಡೆಂಟಲ್ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ನಾವು ಪ್ಲಾಸ್ಟರಿನಲ್ಲಿ ಅಚ್ಚು ಹೊಯ್ದು, ಅದರ ಮೇಲೆ ಮೇಣದಲ್ಲಿ ಹಲ್ಲು ಜೋಡಿಸಿ, ಸೆಟ್ಟು ಮಾಡಿಕೊಡುತ್ತೇವೆ. ಆ ಸಂಜೆ ವಕೀಲರ ಮೇಲಿನ ಸಾಲು ಮುಗಿದಿರಲಿಲ್ಲ. ಮನೆಯಲ್ಲಿ ಮುಗಿಸೋಣವೆಂದು ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ, ಬ್ಯಾಗಿಗೆ ತುರುಕಿಕೊಂಡು ಸ್ಟೇಷನ್ನಿಗೆ ಓಡಿದೆ.

ನಮ್ಮ ಕಡೆಯ ಟ್ರೈನು ಆ ದೊಡ್ಡ ಸ್ಟೇಷನ್ನಿನಲ್ಲಿ ಹುಟ್ಟುವುದಿಲ್ಲ. ಹಿಂದಿನ ಮಾರ್ಕೆಟ್ ಸ್ಟೇಷನ್ನಿನಿಂದ ಅರ್ಧ ತುಂಬಿಕೊಂಡೇ ಬರುತ್ತದೆ. ಅದು ನಿಲ್ಲುವ ಮೊದಲೇ ಜನ ಅದರ ಜೊತೆ ಓಡುತ್ತಾರೆ, ಕಿಟಕಿಯೊಳಗೆ ಬ್ಯಾಗೋ ಛತ್ರಿಯೋ ಎಸೆಯುತ್ತಾರೆ. ಯಾರ ಸಾಮಾನು ಸೀಟಿನ ಮೇಲೆ ಬಿತ್ತೋ ಸೀಟು ಅವರದು. ಯಾವ ಬೋರ್ಡಿನಲ್ಲೂ ಬರೆದಿರದ ಈ ಕಾನೂನನ್ನು ಎಲ್ಲರೂ ಚಾಚೂ ತಪ್ಪದೆ ಪಾಲಿಸುತ್ತಾರೆ. ನಾನೂ ಎಸೆದೆ. ನನ್ನ ಬ್ಯಾಗು ಒಬ್ಬನ ತೊಡೆಯ ಮೇಲೆ ಬಿತ್ತು.

ನೂಕಿಕೊಂಡು ಒಳಗೆ ಹೋಗುವಷ್ಟರಲ್ಲಿ ಅವನು ಅರ್ಧ ಎದ್ದು ನಿಂತಿದ್ದ. ಬ್ಯಾಗಿನ ಜಿಪ್ಪು ಬಿಚ್ಚಿಕೊಂಡಿತ್ತು. ವಕೀಲರ ಹಲ್ಲು ಅವನ ಅಂಗೈಯಲ್ಲಿ ಕೂತು ಅವನನ್ನೇ ನೋಡಿ ನಗುತ್ತಿತ್ತು.

"ಇದು ನಿಮ್ಮದಾ?" ಎಂದ.

"ನನ್ನದು ಬಾಯಲ್ಲೇ ಇದೆ" ಎಂದೆ. ತಪ್ಪು ನನ್ನದಾದಾಗ ನನ್ನ ನಾಲಿಗೆ ಇನ್ನಷ್ಟು ಉದ್ದವಾಗುತ್ತದೆ.

ಅವನು ನಗಲಿಲ್ಲ. ಆದರೆ ಕಣ್ಣಿನ ಬದಿಯಲ್ಲಿ ಏನೋ ಮಿಸುಕಿತು. ಒಂದು ಕೋರೆಹಲ್ಲು ಕಳಚಿ ಎಲ್ಲೋ ಉರುಳಿತ್ತು. ಅಷ್ಟು ಜನರ ಕಾಲುಗಳ ನಡುವೆ ಅವನು ಬಗ್ಗಿ, ಮಂಡಿಯೂರಿ, ಯಾರದೋ ಶೂ ಪಕ್ಕದಿಂದ ಅದನ್ನು ಹೆಕ್ಕಿ, ಶರ್ಟಿನ ತುದಿಯಲ್ಲಿ ಒರೆಸಿ ಕೊಟ್ಟ. ಅಷ್ಟರಲ್ಲಿ ಟ್ರೈನು ಹೊರಟಿತ್ತು. ಅವನು ಕಿಟಕಿಯಾಚೆ ಒಮ್ಮೆ ನೋಡಿದ, ಮುಖ ಒಂದು ಕ್ಷಣ ಪೆಚ್ಚಾಯಿತು. ಸೀಟು ಹೋಯಿತೆಂದು ಸಿಟ್ಟೇನೋ ಅಂದುಕೊಂಡೆ.

"ಕೂತ್ಕೊಳ್ಳಿ. ನಾನು ಸೇತುವೆ ಆಚೆ ಇಳೀತೀನಿ" ಎಂದ.

ನದಿಯ ಸೇತುವೆ ದಾಟಿದ ಮೇಲೆ ನಮ್ಮ ಟ್ರೈನಿಗೆ ಮೊದಲ ನಿಲುಗಡೆ. ಅಲ್ಲಿ ಅವನು ಇಳಿದುಹೋದ. ನಾನು ಮನೆ ತಲುಪುವವರೆಗೂ ಆ ಕೋರೆಹಲ್ಲನ್ನು ಮುಷ್ಟಿಯಲ್ಲೇ ಹಿಡಿದಿದ್ದೆ, ಮನೆಯಲ್ಲಿ ಅತ್ತಿಗೆ ಕೈಯಲ್ಲೇನು ಎಂದು ಕೇಳಿದಾಗಲೇ ಅದು ನೆನಪಾದದ್ದು.

ಮರುದಿನ ಅದೇ ಬೋಗಿಯ ಅದೇ ಕಿಟಕಿಯಲ್ಲಿ ಅವನಿದ್ದ. ಅದರ ಮರುದಿನವೂ ಇದ್ದ. ನನ್ನನ್ನು ಕಂಡೊಡನೆ ಎದ್ದು ಜಾಗ ಬಿಡುವನು, ಪಕ್ಕದಲ್ಲೇ ಕಂಬಿ ಹಿಡಿದು ನಿಲ್ಲುವನು. ಬೇಡ ಎಂದರೆ ಒಂದೇ ಉತ್ತರ, ಹೇಗೂ ಸೇತುವೆಯಾಚೆ ಇಳಿಯುತ್ತೇನಲ್ಲ.

ಅಂಗಡಿಗಳ ತಕ್ಕಡಿ, ತೂಕದ ಮಷೀನು ರಿಪೇರಿ ಮಾಡುವುದು ಅವನ ಕೆಲಸ. ಹೆಗಲಲ್ಲಿ ಸ್ಪ್ಯಾನರುಗಳ ಚೀಲ, ಕೈಯಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ. ಮಾತನ್ನೂ ಹಾಗೇ ತೂಗಿ ತೂಗಿ ಆಡುತ್ತಿದ್ದ. ನಾನು ಮನಸ್ಸಿನಲ್ಲೇ ಅವನಿಗೆ ತಕ್ಕಡಿ ಎಂದು ಹೆಸರಿಟ್ಟೆ. ಒಂದು ದಿನ ಬಾಯಿ ತಪ್ಪಿ ಕರೆದೂಬಿಟ್ಟೆ. ಅವನು ಬೇಸರಿಸಲಿಲ್ಲ. ಹಾಗಾದರೆ ನೀವು ಹಲ್ಲಿನವರು ಎಂದ. ಅಂದಿನಿಂದ ನಮ್ಮ ನಾಮಕರಣ ಮುಗಿದಂತಾಯಿತು.

ಅವನು ನನ್ನನ್ನು ನೇರವಾಗಿ ನೋಡುತ್ತಿರಲಿಲ್ಲ. ಕಿಟಕಿಯ ಗಾಜಿನಲ್ಲಿ ನೋಡುತ್ತಿದ್ದ. ಹೊರಗೆ ಕತ್ತಲಾಗುತ್ತ ಬಂದಂತೆ ಗಾಜಿನಲ್ಲಿ ನಮ್ಮಿಬ್ಬರ ಮುಖವೂ ನಿಚ್ಚಳವಾಗುತ್ತಿತ್ತು, ಅವನು ನೋಡುವುದನ್ನು ನಾನು ನೋಡುತ್ತಿದ್ದೆ. ಕಣ್ಣಿಗೆ ಕಣ್ಣು ಸಿಕ್ಕಿದಾಗ ಅವನು ತಟ್ಟನೆ ಸೇತುವೆಯ ಕಂಬಗಳನ್ನು ಎಣಿಸುವವನಂತೆ ನಟಿಸುತ್ತಿದ್ದ. ಒಮ್ಮೆ ಎಷ್ಟಾಯಿತು ಎಂದು ಕೇಳಿದೆ. ಕಿವಿಯ ತುದಿ ಕೆಂಪಾಯಿತು. ಆ ರಾತ್ರಿ ನಾನು ಕಾರಣವಿಲ್ಲದೆ ನಗುತ್ತಿದ್ದೆನಂತೆ, ಅಣ್ಣ ಹೇಳಿದ.

ಫೋನ್ ನಂಬರ್ ಕೇಳಲಿ ಎಂದು ಕಾದೆ. ಅವನು ಕೇಳಲಿಲ್ಲ. ನಾನಾಗಿ ಏಕೆ ಕೊಡಲಿ ಎಂಬ ಬಿಂಕ ನನಗೆ. ಹೀಗೇ ಒಂದು ವರ್ಷ ಕಳೆಯಿತು.

ಆ ಸ್ಟೇಷನ್ ಎಂದರೆ ನನಗೆ ಮೊದಲಿಂದಲೂ ಮೈ ಉರಿ. ಮೇಲ್ಸೇತುವೆಯ ಮೆಟ್ಟಿಲಲ್ಲಿ ಹತ್ತುವವರೂ ಇಳಿಯುವವರೂ ಒಂದೇ ಬದಿಗೆ ನುಗ್ಗುತ್ತಾರೆ. ಯಾರದೋ ಗಾಲಿ ಸೂಟ್‌ಕೇಸು ಕಾಲ ಮೇಲೆ ಹರಿಯುತ್ತದೆ, ಅವರು ತಿರುಗಿಯೂ ನೋಡುವುದಿಲ್ಲ. ಇನ್ನೇನು ಟ್ರೈನು ಬಂತು ಎನ್ನುವಾಗ ಪ್ಲಾಟ್‌ಫಾರ್ಮ್ ಬದಲಾಗಿದೆ ಎಂದು ಮೈಕಿನ ಹೆಣ್ಣು ದನಿ ತಣ್ಣಗೆ ಹೇಳುತ್ತದೆ. ಇಡೀ ಜನಜಂಗುಳಿ ಗಂಟುಮೂಟೆ ಎತ್ತಿಕೊಂಡು ದಡದಡ ಓಡುತ್ತದೆ. ನಾನೋ ಮೊದಲೇ ಕೂತಲ್ಲಿ ಕೂರದವಳು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ಅತ್ತಿಗೆ ಆಡಿಕೊಳ್ಳುತ್ತಾರೆ. ಆ ಸ್ಟೇಷನ್ನು ನನ್ನನ್ನು ದಿನಕ್ಕೆರಡು ಸಲ ಇನ್ನಷ್ಟು ಕುಣಿಸುತ್ತಿತ್ತು.

ಅದಕ್ಕೇ ಲ್ಯಾಬಿನ ಯಜಮಾನರು ಸಿಹಿಸುದ್ದಿ ಕೊಟ್ಟಾಗ ಎಲ್ಲರೂ ನನ್ನ ಬೆನ್ನು ತಟ್ಟಿದರು. ಬಾಡಿಗೆ ಕಟ್ಟಡ ಬಿಟ್ಟು ಲ್ಯಾಬು ನಮ್ಮ ಬಡಾವಣೆಯ ಕಡೆಗೇ ಬರುತ್ತದೆ. ಸೋಮವಾರದಿಂದ ಹೊಸ ಜಾಗದಲ್ಲಿ ಕೆಲಸ. ನಮ್ಮ ಮನೆಯಿಂದ ನಡೆದು ಹೋಗಬಹುದು. ಅತ್ತಿಗೆಗಂತೂ ಹಿಡಿಸಲಾರದ ಸಂತೋಷ. ನನಗೆ ಮಾತ್ರ ನೆನಪಾದದ್ದು ಆ ಕಿಟಕಿ.

ಆ ಟ್ರೈನು ಬಿಟ್ಟರೆ ಅವನನ್ನು ಹುಡುಕುವುದೆಲ್ಲಿ? ಅವನ ಅಂಗಡಿ ಯಾವ ಬೀದಿಯಲ್ಲಿ, ಮನೆ ಎಲ್ಲಿ, ಯಾವುದೂ ಗೊತ್ತಿಲ್ಲ. ಗೊತ್ತಿದ್ದದ್ದು ಸೇತುವೆಯಾಚೆ ಎಂಬುದೊಂದೇ. ದಿನಾ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದೆ, ವಕೀಲರದೋ ಮೇಷ್ಟರದೋ ಹಲ್ಲಿನ ವಿಷಯ ಮಾತಾಡಿ ಮುಗಿಸುತ್ತಿದ್ದೆ. ಲ್ಯಾಬಿನಲ್ಲಿ ಮೇಣ ಎರಡು ಸಲ ಕೆಟ್ಟಿತು. ರಾತ್ರಿ ಹೊರಳಾಡಿ ಹೊರಳಾಡಿ ಹಾಸಿಗೆ ಸುಕ್ಕಾಯಿತು.

ಕೊನೆಗೆ ಗುರುವಾರ ಹೇಳಿದೆ. ಅವನು ಬಟ್ಟಿನ ಪೆಟ್ಟಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ಒಳ್ಳೇದಾಯ್ತಲ್ಲ. ಇನ್ನು ನಿಮಗೆ ಈ ನೂಕಾಟ ಇಲ್ಲ" ಎಂದ.

ಅಷ್ಟೇ. ಒಂದು ವರ್ಷ ತೂಗಿ ತೂಗಿ ಕೊನೆಗೆ ಅವನಿಗೆ ಸಿಕ್ಕ ಮಾತು ಇದು. ಅವನು ಇಳಿದು ಹೋಗುವಾಗ ನಾನು ಮುಖ ತಿರುಗಿಸಿ ಕೂತಿದ್ದೆ. ಆಮೇಲೆ ಗಾಜಿನಲ್ಲಿ ನನ್ನೊಬ್ಬಳ ಮುಖವೇ ಕಂಡಿತು, ನೋಡಲಾಗಲಿಲ್ಲ.

ಶುಕ್ರವಾರ ನನ್ನ ಕೊನೆಯ ದಿನ. ಹಟ ಬಂತು. ನಾನು ಹೋಗದಿದ್ದರೆ ಏನು ಮಾಡುತ್ತಾನೋ ನೋಡೇಬಿಡೋಣ ಎಂದು ಮೇಲ್ಸೇತುವೆಯ ಮೇಲೆ, ಕಂಬದ ಮರೆಯಲ್ಲಿ ನಿಂತೆ. ಮಕ್ಕಳಾಟ ಎನ್ನಿ, ಆದರೆ ಅವನಿಗೆ ನಾನು ಬರಿಯ ಹೊತ್ತುಗಳೆಯುವ ಮಾತೋ ಅಥವಾ ಬೇರೇನಾದರೂ ಹೌದೋ ಎಂದು ತಿಳಿಯದೆ ನಾನು ಬದುಕುವುದು ಸಾಧ್ಯವಿರಲಿಲ್ಲ.

ಟ್ರೈನು ಬಂತು. ಅವನು ಕಿಟಕಿಯಲ್ಲಿದ್ದ. ಜನ ನುಗ್ಗಿದರು. ಮೂರು ಮಾತಿಗೆ ನಾಲ್ಕನೆಯದನ್ನು ಸೇರಿಸದ ಮನುಷ್ಯ ಇಬ್ಬರೊಡನೆ ಕೈ ಬೀಸಿ ಬೀಸಿ ಜಗಳವಾಡುತ್ತಿದ್ದ, ಬಟ್ಟಿನ ಪೆಟ್ಟಿಗೆಯನ್ನು ಸೀಟಿನ ಮೇಲೆ ಊರಿಬಿಟ್ಟಿದ್ದ. ಕಿಟಕಿಯಿಂದ ತಲೆ ಹೊರಹಾಕಿ ಪ್ಲಾಟ್‌ಫಾರ್ಮಿನ ಆ ತುದಿ, ಈ ತುದಿ ನೋಡಿದ. ನನ್ನ ಕಾಲು ತಾನಾಗಿ ಮೆಟ್ಟಿಲ ಕಡೆ ಹೊರಟಿತು. ಅಷ್ಟರಲ್ಲಿ ಟ್ರೈನು ಕೂಗು ಹಾಕಿತು.

ಅವನು ಪೆಟ್ಟಿಗೆ ಎತ್ತಿಕೊಂಡು ಬಾಗಿಲಿನಿಂದ ಕೆಳಗಿಳಿದುಬಿಟ್ಟ.

ಟ್ರೈನು ಹೋಯಿತು. ಮನೆಗೆ ಹೋಗಬೇಕಾದ ಟ್ರೈನನ್ನೇ ಬಿಟ್ಟು ಅವನು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ. ಸುತ್ತ ಮುಂದಿನ ಗಾಡಿಯ ಜನ ಸೇರತೊಡಗಿದರು, ಅವನಿಗೆ ಡಿಕ್ಕಿ ಹೊಡೆದುಕೊಂಡೇ ಓಡಾಡಿದರು. ಆಮೇಲೆ ಅವನು ಮೆಟ್ಟಿಲು ಹತ್ತಿ ನೇರ ನನ್ನ ಕಡೆಗೇ ಬಂದ. ನಾನು ಕಂಬಕ್ಕೆ ಅಂಟಿಕೊಂಡೆ. ಕೈಚಾಚಿದರೆ ತಾಗುವಷ್ಟು ಹತ್ತಿರದಲ್ಲಿ ಹಾದುಹೋದ, ಮುಖ ಬಾಡಿತ್ತು. ಹೋಗಿ ಇಳಿದದ್ದು ನಗರದ ಇನ್ನೊಂದು ತುದಿಗೆ, ನಮ್ಮ ಕಡೆಗೆ ತದ್ವಿರುದ್ಧವಾಗಿ ಹೋಗುವ ಲೈನಿನ ಪ್ಲಾಟ್‌ಫಾರ್ಮಿಗೆ.

ತಲೆಯೊಳಗೆ ಜೇನುಗೂಡು ಎದ್ದಂತಾಯಿತು. ಅಲ್ಲಿ ಯಾರಿದ್ದಾರೆ? ಹೆಂಡತಿಯೇ? ಸೇತುವೆಯಾಚೆ ಎಂದದ್ದೆಲ್ಲ ಸುಳ್ಳೇ? ಯೋಚಿಸುತ್ತ ನಿಲ್ಲುವ ಜಾಯಮಾನ ನನ್ನದಲ್ಲ. ಜನರನ್ನು ಸರಿಸಿಕೊಂಡು ಓಡಿದೆ, ಇನ್ನೇನು ಹೊರಟಿದ್ದ ಟ್ರೈನಿಗೆ ಅವನ ಹಿಂದೆಯೇ ಹತ್ತಿದೆ. ಅವನು ನನಗೆ ಬೆನ್ನು ಮಾಡಿ ಕಂಬಿ ಹಿಡಿದು ನಿಂತ. ನಡುವೆ ನಾಲ್ಕಾರು ಜನ. ಕರೆಯೋಣವೆಂದರೆ ಅಷ್ಟು ಜನರ ನಡುವೆ ತಕ್ಕಡಿ ಎಂದು ಕೂಗುವುದು ಹೇಗೆ?

ಆಗ ಬಂದರು ಟಿ.ಸಿ. ದಪ್ಪ ಕನ್ನಡಕ, ಸುಸ್ತಾದ ಮುಖ. ಪಾಸ್ ತೋರಿಸಿದೆ. ಇದು ಆ ಕಡೆಯ ಲೈನಿಂದು, ಇಲ್ಲಿ ನಡೆಯುವುದಿಲ್ಲ ಎಂದರು. ದಂಡ ಹಾಕಲು ರಸೀದಿ ಪುಸ್ತಕ ತೆಗೆದು ಕೇಳಿದರು:

"ಎಲ್ಲಿಗೆ ಹೋಗ್ಬೇಕಮ್ಮ?"

ನನಗೆ ಆ ಲೈನಿನ ಒಂದು ಸ್ಟೇಷನ್ನಿನ ಹೆಸರೂ ಗೊತ್ತಿರಲಿಲ್ಲ. ಅವರು ಮತ್ತೆ ಕೇಳಿದರು, ಈ ಸಲ ದನಿ ಏರಿಸಿ. ಬೋಗಿ ಪೂರ್ತಿ ತಿರುಗಿ ನೋಡಿತು. ನಾನು ಆ ಬೆನ್ನಿನ ಕಡೆ ಕೈ ತೋರಿಸಿದೆ.

"ಅವರು ಎಲ್ಲಿ ಇಳೀತಾರೋ ಅಲ್ಲಿಗೆ."

ಅವನು ತಿರುಗಿದ. ಅವನ ಮುಖದ ಮೇಲೆ ಆ ಕ್ಷಣ ಏನೇನು ಬಂದು ಹೋಯಿತು ಎಂದು ಹೇಳುವಷ್ಟು ಮಾತು ನನ್ನಲ್ಲಿಲ್ಲ. ಟಿ.ಸಿ. ಅವನನ್ನೂ ನನ್ನನ್ನೂ ನೋಡಿದರು. ಅವನು ತನ್ನ ಸ್ಟೇಷನ್ನಿನ ಹೆಸರು ಹೇಳಿದ, ಅವರು ರಸೀದಿ ಹರಿದುಕೊಟ್ಟು, ನಗು ತಡೆಯಲು ತುಟಿ ಬಿಗಿದುಕೊಂಡೇ ಮುಂದೆ ಹೋದರು. ಜನ ತಾವಾಗಿ ಸ್ವಲ್ಪ ಸ್ವಲ್ಪ ಸರಿದು ಅವನನ್ನು ನನ್ನವರೆಗೆ ಬಿಟ್ಟರು.

"ಈ ಕಡೆ ಯಾರಿದ್ದಾರೆ?" ಎಂದೆ. ನನ್ನ ಮೊದಲ ಮಾತು ಅದೇ.

"ಅಮ್ಮ."

"ಸೇತುವೆ ಆಚೆ?"

"ಅಲ್ಲಿ ಯಾರೂ ಇಲ್ಲ."

ಆಮೇಲೆ ನಿಧಾನವಾಗಿ, ಒಂದೊಂದೇ ಬಟ್ಟು ಇಡುವವನಂತೆ ಹೇಳಿದ. ಆ ಮೊದಲ ದಿನ ಅವನು ಮಾರ್ಕೆಟ್ಟಿನಲ್ಲಿ ಕೆಲಸ ಮುಗಿಸಿ ಬಂದಿದ್ದನಂತೆ, ದೊಡ್ಡ ಸ್ಟೇಷನ್ನಿನಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತಂತೆ. ಇಳಿಯಲೆಂದು ಏಳುವಾಗಲೇ ನನ್ನ ಬ್ಯಾಗು ಬಿದ್ದಿತು. ಹಲ್ಲು ಹುಡುಕುವಷ್ಟರಲ್ಲಿ ಟ್ರೈನು ಹೊರಟಿತು. ಮರುದಿನದಿಂದ ದಿನಾ ದೊಡ್ಡ ಸ್ಟೇಷನ್ನಿನ ಬಳಿಯ ತನ್ನ ಅಂಗಡಿ ಮುಚ್ಚಿ, ಹಿಂದಕ್ಕೆ ಮಾರ್ಕೆಟ್ಟಿಗೆ ಹೋಗಿ, ನನಗೆ ಸೀಟು ಹಿಡಿದುಕೊಂಡು ಬರುತ್ತಿದ್ದ. ಸೇತುವೆಯಾಚೆ ಇಳಿದು ವಾಪಸ್ ಟ್ರೈನು ಹತ್ತುತ್ತಿದ್ದ.

ಒಂದು ವರ್ಷ ನಾನು ಕಾಲು ಚಾಚಿ ಕೂತು ಕೋರೆಹಲ್ಲಿನ ಕಥೆ ಹೇಳಿದ್ದೆ. ಅಳು ಬಂತು, ಸಿಟ್ಟೂ ಬಂತು.

"ಮೊದಲೇ ಹೇಳೋಕೆ ಏನಾಗಿತ್ತು?"

"ಹೇಳಿದ ಮೇಲೆ ನೀವು ಬೇರೆ ಬೋಗಿ ಹತ್ತಿಬಿಟ್ರೆ?"

ಅವನು ಮೊದಲ ಸಲ ನೇರವಾಗಿ ನನ್ನನ್ನೇ ನೋಡುತ್ತಿದ್ದ. ಅಷ್ಟು ಹತ್ತಿರದಿಂದ ನೋಡಿದರೆ ಕಣ್ಣು ಕಪ್ಪಲ್ಲ, ಕಂದು. ಅದು ಕಿಟಕಿಯ ಗಾಜಿನಲ್ಲಿ ಗೊತ್ತಾಗಿರಲಿಲ್ಲ. ಟ್ರೈನು ಅಲುಗಿದಾಗ ನಾನು ಅವನ ತೋಳು ಹಿಡಿದೆ, ನೆಟ್ಟಗಾದ ಮೇಲೂ ಬಿಡಲಿಲ್ಲ.

ಹಾಗಾದರೆ ನಿನ್ನೆ ಒಳ್ಳೆಯದಾಯಿತು ಎಂದದ್ದೇಕೆ ಎಂದು ದಬಾಯಿಸಿದೆ. ಸೋಮವಾರದಿಂದ ಏನು ಮಾಡುವ ಯೋಚನೆಯಿತ್ತು?

"ನಿಮ್ಮ ಬಡಾವಣೆ ಅಂಗಡಿಗಳಲ್ಲೂ ತಕ್ಕಡಿ ಕೆಡುತ್ತವಲ್ಲ, ಅಂದ್ಕೊಂಡೆ."

ಪಕ್ಕದಲ್ಲಿ ನಿಂತಿದ್ದ ಹೆಂಗಸು ಪೇಪರಿನ ಹಿಂದೆ ಕಿಸಕ್ಕೆಂದಳು. ನನಗೆ ಯಾರ ನಾಚಿಕೆಯೂ ಉಳಿದಿರಲಿಲ್ಲ.

"ನನಗೆ ಸೀಟು ಬೇಡ" ಎಂದೆ. "ನೀವು ಬೇಕು."

ಅವನು ತೋಳಿನ ಮೇಲಿದ್ದ ನನ್ನ ಕೈಯ ಮೇಲೆ ತನ್ನ ಕೈಯಿಟ್ಟ. ಅಂಗೈ ಒರಟಾಗಿತ್ತು, ಬೆಚ್ಚಗಿತ್ತು. ಆಮೇಲಿನ ಸ್ಟೇಷನ್ನುಗಳಲ್ಲಿ ಜನ ಇಳಿದು ಸೀಟುಗಳು ಖಾಲಿಯಾದವು, ನಾವಿಬ್ಬರೂ ನಿಂತೇ ಇದ್ದೆವು.

ಇಳಿಯುವ ಮೊದಲು ಅತ್ತಿಗೆಗೆ ಮೆಸೇಜು ಹಾಕಿದೆ, ಟ್ರೈನ್ ಲೇಟು ಎಂದು. ಅವನು ಅದನ್ನು ಓದಿ, ನಾನೂ ಮನೆಯಲ್ಲಿ ದಿನಾ ಇದನ್ನೇ ಹೇಳುತ್ತೇನೆ ಎಂದ.

ಅವನ ಮನೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿ. ಮೆಟ್ಟಿಲು ಹತ್ತುವಾಗ ನನಗೆ ಭಯವಾಗತೊಡಗಿತು, ಇವತ್ತೇ ಏಕೆ, ಇನ್ನೊಂದು ದಿನ ಬರುತ್ತೇನೆ ಎಂದೆ. ಅವನು ಆಗಲೇ ಬೆಲ್ ಒತ್ತಿದ್ದ. ಬಾಗಿಲು ತೆರೆದವರು ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ಪುಟ್ಟ ಹೆಂಗಸು. ಮಗನನ್ನು ನೋಡಿದರು, ನನ್ನನ್ನು ನೋಡಿದರು, ಇನ್ನೂ ಅವನ ತೋಳು ಬಿಡದಿದ್ದ ನನ್ನ ಕೈಯನ್ನು ನೋಡಿದರು. ಕನ್ನಡಕವನ್ನು ಕೆಳಗಿಳಿಸಿ ಮತ್ತೊಮ್ಮೆ ನೋಡಿದರು.

"ಒಂದು ವರ್ಷದಿಂದ ಲೇಟಾಗ್ತಿದ್ದ ಟ್ರೈನು ನೀನೇನಮ್ಮಾ?" ಎಂದರು.

ಅವನು ಬಾಯಿ ತೆರೆದ. ಅವನು ಪದ ಹುಡುಕಿ, ತೂಗಿ, ಹೇಳುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ.

"ಹೌದಮ್ಮ, ನಾನೇ" ಎಂದೆ.

ಅವರು ಬಾಗಿಲನ್ನು ಪೂರ್ತಿ ತೆರೆದರು.

"ಹಾಗಿದ್ರೆ ಒಳಗೆ ಬಾ. ಇಷ್ಟು ದಿನ ತಡ ಮಾಡಿದ್ದು ಸಾಲದಾ?"